ಅಮ್ಮ ನಕ್ಕ ಶುಕ್ರವಾರಗಳು

ಜುಲೈ ೧೯, ಶುಕ್ರವಾರ

ಮಾರಿಯಮ್ಮನ ತಿಂಗಳು ಆಡಿ, ಅದರ ಮೊದಲ ಶುಕ್ರವಾರ. ಎದ್ದವಳೇ ರಾಗಿ ಅಂಬಲಿ ಕಾಯಿಸಿದೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ವನಿತಾಳಿಗೆ ತಲೆಗೆ ನೀರು ಹಾಕಿ, ಹಳದಿ ಲಂಗ ಉಡಿಸಿ, ಮಾರಿಯಮ್ಮನ ಪಟದ ಮುಂದೆ ಮಣೆಯ ಮೇಲೆ ಕೂರಿಸುವ ಹೊತ್ತಿಗೆ ನಮ್ಮ ಉರಿಗಾಂ ಗಣಿ ಲೈನ್ ಮನೆಗಳ ಹೆಂಗಸರು ಬಾಗಿಲ ತನಕ ತುಂಬಿದ್ದರು.

ನನ್ನ ಮೊಮ್ಮಗಳ ಮೈಮೇಲೆ ತಾಯಿ ಬರಲು ತೊಡಗಿ ವರ್ಷ ದಾಟಿತು. ಬೇರೆ ಕಡೆ ತಾಯಿ ಬಂದರೆ ಕೂಗಾಟ, ಕೂದಲು ಕೆದರಿಕೊಂಡು ಕುಣಿದಾಟ. ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ. ಏಳು ವರ್ಷದ ಮಗು ಕೂತಲ್ಲೇ ನಗುತ್ತಾಳೆ. ಯಾರೂ ನಗಿಸಿರುವುದಿಲ್ಲ, ನಗುವಂಥದ್ದು ಏನೂ ನಡೆದಿರುವುದಿಲ್ಲ. ಕಣ್ಣು ಎಲ್ಲೋ ನೆಟ್ಟಿರುತ್ತದೆ, ನಗು ತಾನಾಗಿ ಉಕ್ಕುತ್ತದೆ, ಬಂದಷ್ಟೇ ಬೇಗ ನಿಲ್ಲುತ್ತದೆ. ದಿನವೂ ಎಷ್ಟೋ ಸಲ ಬರುತ್ತದೆ. ಶುಕ್ರವಾರ ಮಾತ್ರ ಜನ ಕೇಳಲು ಬಿಡುತ್ತೇನೆ. ಕೇಳಿದ ಮಾತಿಗೆ ನಗು ಬಂದರೆ ತಾಯಿ ಒಪ್ಪಿದಳು, ಬರದಿದ್ದರೆ ಒಪ್ಪಲಿಲ್ಲ. ಯಾರ ಕೈಯಿಂದಲೂ ಒಂದು ಕಾಸು ಮುಟ್ಟಿಲ್ಲ. ಹೂವು, ನಿಂಬೆಹಣ್ಣು, ಕಾಯಿ ಅಷ್ಟೇ.

ಇವತ್ತು ಎದುರು ಮನೆ ಪುಷ್ಪ ಮಗಳನ್ನೂ ಕರೆದುಕೊಂಡು ಬಂದಿದ್ದಳು. ಮಣೆ ಮುಂದೆ ಮಂಡಿಯೂರಿ ಕೂತು ಕೇಳಿದಳು: "ತಾಯೀ, ಬಂಗಾರಪೇಟೆ ಗಂಡಿಗೆ ನಮ್ ಕಲ್ಪನನ್ನ ಕೊಡಾನಾ? ಏಳವ್ವಾ. ಒಂದ್ ಸಲ ನಕ್ಕುಬುಡವ್ವಾ."

ನಗು ಬರಲಿಲ್ಲ. ಹಿಂದಿನಿಂದ ಯಾರೋ, "ಗಂಡಿನ್ ಮೂಗು ಎಂಗೈತೆ ಅಂತ ಮೊದ್ಲು ಏಳೇ, ತಾಯಿನೂ ನೋಡ್ಬೇಕಲ್ಲ" ಎಂದಳು. ಹೆಂಗಸರೆಲ್ಲ ನಕ್ಕರು. ಆ ನಗುವೆಲ್ಲ ಅಡಗಿದ ಮೇಲೆ ತಾಯಿ ನಕ್ಕಳು. ಪುಷ್ಪ ಮಣೆಗೆ ಹಣೆ ಹಚ್ಚಿ ಅತ್ತಳು. ಆಡಿ ಕಳೆದು ಆವಣಿ ತಿಂಗಳಲ್ಲೇ ಮದುವೆಯಂತೆ. ಕಲ್ಪನ ಬಾಗಿಲ ಬಳಿ ಗೋಡೆ ನೋಡುತ್ತ ನಿಂತಿದ್ದಳು. ನಾಚಿಕೆ.

ಸಂಜೆ ಸೊಸೆ ಶ್ಯಾಮಲಾ ಬಂಗಾರಪೇಟೆಯ ಗಾರ್ಮೆಂಟ್ಸ್‌ನಿಂದ ಬಂದವಳೇ ಚಪ್ಪಲಿ ಬಿಡುವ ಮುಂಚೆ ಶುರು ಮಾಡಿದಳು. "ಅತ್ತೆ, ಇಸ್ಕೂಲ್ ಮಿಸ್ಸು ಪೋನ್ ಮಾಡಿದ್ರು. ಪಾಟ ಮಾಡೋವಾಗ ನಗ್ತಾಳೆ ಅಂತ ಮೊನ್ನೆ ಆಚೆ ನಿಲ್ಸವ್ರೆ. ನಿಂತ್ಕಂಡಿದ್ ಜಾಗದಲ್ಲೇ ಒಂದಕ್ಕೆ ಮಾಡ್ಕಂಡವ್ಳೆ."

ಆ ಮಿಸ್ಸಿಗೆ ಭಕ್ತಿಯಿಲ್ಲ ಎಂದೆ. ಸೊಸೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಜುಲೈ ೨೩, ಮಂಗಳವಾರ

ಬೇತಮಂಗಲದ ನೀರು ಬಿಟ್ಟಿದ್ದರು. ನಲ್ಲಿಯ ಹತ್ತಿರ ಬಿಂದಿಗೆಗಳ ಸಾಲು. ವನಿತಾ ನನ್ನ ಪಕ್ಕದಲ್ಲಿ ಚೊಂಬು ಹಿಡಿದು ನಿಂತಿದ್ದಳು. ನಗು ಬಂತು. ಎಲ್ಲರೂ ಕೈಮುಗಿದರು. ಆದರೆ ಈ ಸಲ ನಗು ನಿಲ್ಲಲಿಲ್ಲ, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮಗು ಕಟ್ಟಿಗೆಯ ಹಾಗೆ ಸೆಟೆದು ಕಲ್ಲಿನ ಮೇಲೆ ಬಿತ್ತು. ಕೈಕಾಲು ಬಡಿದುಕೊಂಡವು. ತುಟಿ ನೇರಳೆ ಹಣ್ಣಿನ ಬಣ್ಣವಾಯಿತು.

"ತಾಯಿ ಜೋರಾಗಿ ಬಂದವ್ಳೆ, ಆರತಿ ತತ್ತರ್ರೀ!" ಎಂದು ಯಾರೋ ಕೂಗಿದರು. ಪುಷ್ಪ ಆ ಕೆಸರಿನಲ್ಲೇ ಅಡ್ಡಬಿದ್ದಳು. ನಾನು ಸೊಂಟದ ಬೀಗದ ಕೈಗೊಂಚಲು ಬಿಚ್ಚಿ ಮಗುವಿನ ಮುಷ್ಟಿಗೆ ತುರುಕಿದೆ. ಬಾಯಿಂದ ಮಾರಿಯಮ್ಮಾ ಎಂಬುದು ಬಿಟ್ಟು ಬೇರೆ ಮಾತು ಬರಲಿಲ್ಲ.

ಕೆಲಸಕ್ಕೆ ಹೊರಟಿದ್ದ ಶ್ಯಾಮಲಾ ಓಡಿ ಬಂದಳು. "ದೂರ ಓಗ್ರೀ ಎಲ್ಲಾ! ಉಸ್ರು ಆಡಾಕ್ ಬುಡ್ರೀ!" ಎಂದು ಅಡ್ಡಬಿದ್ದವರನ್ನು ಕಾಲಿನಿಂದಲೇ ಸರಿಸಿ ಮಗುವನ್ನು ಎತ್ತಿಕೊಂಡು ಆಟೋ ಹತ್ತಿದಳು. ನಾನು ಹಿಂದಿನಿಂದ ಹತ್ತಿದೆ. ಚಪ್ಪಲಿ ಇಲ್ಲ ಎಂಬುದು ಬಂಗಾರಪೇಟೆಯಲ್ಲಿ ಇಳಿದಾಗ ಗೊತ್ತಾಯಿತು.

ಡಾಕ್ಟರು ಫಿಟ್ಸ್ ಎಂದರು. ಸೂಜಿ ಹಾಕಿದರು. ಮಗು ಈಗ ಮಲಗಿದೆ. ಹಣೆಯ ಮೇಲೆ ಬುಗುಟು. ತಾಯಿ ತನ್ನ ಮಗುವನ್ನೇ ಕಲ್ಲಿಗೆ ಯಾಕೆ ಅಪ್ಪಳಿಸಿದಳು?

ಜುಲೈ ೨೫, ಗುರುವಾರ

ಕೋಲಾರದಲ್ಲಿ ತಲೆ ಸ್ಕ್ಯಾನ್ ಆಯಿತು. ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದರು.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಶ್ಯಾಮಲಾಳಿಗೆ ಹೇಳಿದೆ, "ಮಿಷಿನ್ಗೆ ಸಿಕ್ಕೋವಳೇನಮ್ಮಿ ತಾಯಿ?" ಅವಳು, "ಏನೂ ಇಲ್ದೇನೇ ಬಿದ್ಲಾ ಅತ್ತೆ?" ಎಂದಳು.

ಜುಲೈ ೨೬, ಶುಕ್ರವಾರ

ನಲ್ಲಿಯ ಹತ್ತಿರ ನಡೆದದ್ದು ಮಾರಿಕುಪ್ಪಂ ತನಕ ಹಬ್ಬಿದೆ. ಇವತ್ತು ಕಾಣದ ಮುಖಗಳೇ ಹೆಚ್ಚು. ತಮಿಳಿನಲ್ಲಿ ಕೇಳುವವರು, ತೆಲುಗಿನಲ್ಲಿ ಕೇಳುವವರು. ತಾಯಿಗೆ ಎಲ್ಲ ಭಾಷೆಯೂ ಬರುತ್ತದೆ.

ಮಗು ಮಣೆಯ ಮೇಲೆ ಕೂರಲು ಹಟ ಮಾಡಿತು. "ಅಜ್ಜಿ, ಹೊಟ್ಟೇಲಿ ಎಂಗೋ ಆಯ್ತದೆ" ಎಂದಳು. ಒಂದು ತುಂಡು ಬೆಲ್ಲ ಕೊಟ್ಟು ಕೂರಿಸಿದೆ. ನಗು ಮೂರ್ನಾಲ್ಕು ಸಲ ಬಂತು. ಶ್ಯಾಮಲಾ ರಜೆ ಹಾಕಿ ಮೂಲೆಯಲ್ಲಿ ನಿಂತು ಎಲ್ಲವನ್ನೂ ಫೋನಿನಲ್ಲಿ ಹಿಡಿದಳು. ಇವಳಿಗೂ ಭಕ್ತಿ ಬಂತು ಎಂದು ಸಂತೋಷವಾಯಿತು.

ಜುಲೈ ೩೧, ಬುಧವಾರ

ಬೆಂಗಳೂರಿಗೆ ಹೋಗಿ ಬಂದೆವು. ಮಕ್ಕಳ ನರದ ಡಾಕ್ಟರು, ಹೆಂಗಸು, ನನಗಿಂತ ಚಿಕ್ಕವರು. ಶ್ಯಾಮಲಾ ಫೋನು ಕೊಟ್ಟಳು. ವೀಡಿಯೊ ಅದಕ್ಕೇ ಎಂಬುದು ನನಗೆ ಆಗ ತಿಳಿಯಿತು.

ಅವರು ಅದನ್ನು ಹಾಕಿ ಹಾಕಿ ನೋಡಿದರು. ನನ್ನ ಮನೆ, ನನ್ನ ದೇವರ ಪಟ, ಕೈಮುಗಿದ ಜನ, ನಡುವೆ ಮಗು. ಶಬ್ದ ಬಂದ್ ಮಾಡಿ ಮತ್ತೆ ನೋಡಿದರು. ಹೆಂಗಸರ ಹಾಡು, ಗಂಟೆ ಏನೂ ಕೇಳಿಸದೆ ಬರೀ ಮಗುವಿನ ಮುಖ ಕಂಡಿತು. ಬಾಯಿ ನಗುತ್ತಿತ್ತು. ಕಣ್ಣು ನಗುತ್ತಿರಲಿಲ್ಲ. ವರ್ಷದಿಂದ ಆ ಮುಖವನ್ನೇ ನೋಡಿದ್ದೇನೆ. ಇದು ನನಗೆ ಯಾಕೆ ಕಾಣಲಿಲ್ಲ?

"ಇದು ನಗು ಅಲ್ಲಮ್ಮ. ಇದೂ ಫಿಟ್ಸೇ. ನಗುವಿನ ಹಾಗೆ ಬರೋ ಫಿಟ್ಸು" ಎಂದರು ಡಾಕ್ಟರಮ್ಮ.

ಆಮೇಲೆ ವನಿತಾಳನ್ನು ಹತ್ತಿರ ಕರೆದು ಕೇಳಿದರು. "ಪುಟ್ಟಿ, ನಗು ಬರುತ್ತಲ್ಲ, ಆಗ ನಿನಗೆ ಖುಷಿ ಆಗುತ್ತಾ?"

ಮಗು ನನ್ನ ಮುಖ ನೋಡಿತು. ಡಾಕ್ಟರಮ್ಮ ನನ್ನನ್ನು ಸ್ವಲ್ಪ ಹಿಂದೆ ಕೂರಲು ಹೇಳಿದರು.

"ಇಲ್ಲ."

"ಮತ್ತೆ?"

"ಮೊದ್ಲು ಹೊಟ್ಟೇಲಿ ಭಯ ಬತ್ತದೆ. ಆಮೇಲೆ ಬಾಯಿ ನಗ್ತದೆ. ನಾನಲ್ಲ. ನಿಲ್ಸಾಕ್ ಆಗಲ್ಲ."

"ಅಜ್ಜಿಗೆ ಹೇಳಲಿಲ್ವಾ?"

"ಎಲ್ರೂ ಕಾಲಿಗ್ ಬೀಳ್ತಾರಲ್ಲ... ಬಯ್ತಾರೇನೋ ಅಂತ."

ಆಮೇಲೆ ಅವರು ಹೇಳಿದ್ದು ಯಾವುದೂ ತಲೆಗೆ ಹೋಗಲಿಲ್ಲ. ಎಂಆರ್‌ಐ ಎಂದು ಇನ್ನೊಂದು ಸ್ಕ್ಯಾನ್ ಬರೆದಿದ್ದಾರೆ. ಅದು ಬೇರೆ ಮಿಷಿನ್ನಂತೆ.

ಆಗಸ್ಟ್ ೧, ಗುರುವಾರ

ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಎಲ್ಲರೂ ಮಜ್ಜಿಗೆ ಕಲಸಿಕೊಂಡು ಉಂಡರು.

ಆಗಸ್ಟ್ ೨, ಶುಕ್ರವಾರ

ಮಗುವಿಗೆ ಜ್ವರ ಎಂದು ಬಾಗಿಲಲ್ಲೇ ಹೇಳಿ ಕಳಿಸಿದೆ. ಜ್ವರ ಇರಲಿಲ್ಲ. ಒಳಗೆ ಕೂತು ಬಣ್ಣದ ಕಡ್ಡಿಯಲ್ಲಿ ಕೋಳಿ ಬರೆಯುತ್ತಿದ್ದಳು. ನಡುವೆ ಒಂದು ಸಲ ನಗು ಬಂತು. ಕೈಮುಗಿಯಲು ಎತ್ತಿದ ಕೈ ಹಾಗೇ ನಿಂತಿತು. ಹೋಗಿ ಬೆನ್ನು ಹಿಡಿದುಕೊಂಡೆ. ಒಳಗೆ ಮಗು ಗಡಗಡ ನಡುಗುತ್ತಿತ್ತು. ಮೇಲೆ ನಗು, ಒಳಗೆ ಈ ನಡುಕ. ಮುಟ್ಟಿದ್ದರೆ ಎಂದೋ ತಿಳಿಯುತ್ತಿತ್ತು. ಮಡಿ ಎಂದು ಆ ಹೊತ್ತಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಆಗಸ್ಟ್ ೬, ಮಂಗಳವಾರ

ಬೆಳಗಿನ ರೈಲಿಗೆ ಮನೆಮಂದಿಯೆಲ್ಲ ಹೋದೆವು. ಮಗ ಅಂಬರೀಶ ದಿನವೂ ಅದೇ ರೈಲಿನಲ್ಲಿ ಪೇಂಟಿಂಗ್ ಕೆಲಸಕ್ಕೆ ಬೆಂಗಳೂರಿಗೆ ಹೋಗುವವನು. ಇವತ್ತು ಅವನ ಜೊತೆಯವರು ಎದ್ದು ನಮಗೆ ಸೀಟು ಬಿಟ್ಟರು.

ಮಿಷಿನ್ ಇರುವ ಕೋಣೆಗೆ ಲೋಹ ಯಾವುದೂ ಹೋಗಬಾರದಂತೆ. ಮಗುವಿನ ಕಾಲ್ಗೆಜ್ಜೆ, ಓಲೆ, ಸೊಂಟದ ತಾಯಿತ ಎಲ್ಲ ಬಿಚ್ಚಿಸಿದರು. ಹಣೆಯ ಕುಂಕುಮವನ್ನೂ ಒದ್ದೆ ಬಟ್ಟೆಯಿಂದ ಒರೆಸಿದರು. ಅಲ್ಲಿನ ಹುಡುಗ ಊರು ಕೇಳಿದ. "ಕೇಜಿಎಫ್ ಅಂದ್ರೆ ಚಿನ್ನ ಜಾಸ್ತಿ ಇರುತ್ತೆ, ಎಲ್ಲಾ ತೆಗೆದಿಡಿ" ಎಂದ. ನಮ್ಮ ಯಜಮಾನರು ಗಣಿಯೊಳಗೆ ದುಡಿದವರು, ಗಣಿ ಮುಚ್ಚಿದ ಮೇಲೆ ಮಾತು ಕಡಿಮೆ. ಇವತ್ತು ಬಾಯಿ ಬಿಟ್ಟರು: "ಇದ್ದಿದ್ನೆಲ್ಲ ಅಗ್ದು ಕೊಟ್ಬುಟ್ವಿ ಸಾರ್. ಇನ್ನ ಉಳ್ದಿರೋದು ಇವ್ರ ತಾಳಿ ಒಂದೇಯ."

ಅದನ್ನೂ ಬಿಚ್ಚಬೇಕೆಂದರು. ಮಗುವಿನ ಜೊತೆ ಒಳಗೆ ಹೋಗುವವಳು ಶ್ಯಾಮಲಾ. ಅವಳ ಕೈ ಕೊರಳಲ್ಲೇ ನಿಂತಿತು. ಹೀಗಾಗಬಹುದೆಂದು ಅಂಬರೀಶ ಮೊದಲೇ ಹೇಳಿದ್ದ. ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಸೆರಗಿನಲ್ಲಿ ತಂದಿದ್ದೆ. ಅದನ್ನು ಅವಳ ಕೊರಳಿಗೆ ಕಟ್ಟಿ ತಾಳಿ ಬಿಚ್ಚಿಸಿಕೊಂಡೆ. "ಓಗು. ನಾನ್ ಇಟ್ಕಂಡಿರ್ತೀನಿ" ಎಂದೆ. ಅವಳು ನನ್ನ ಕೈ ಹಿಸುಕಿದಳು. ಮದುವೆಯಾಗಿ ಬಂದ ಮೇಲೆ ನನ್ನ ಕೈ ಹಿಡಿದದ್ದು ಇದೇ ಮೊದಲು.

ಮಗು ಅಲುಗಾಡಬಾರದೆಂದು ನಿದ್ದೆ ಬರುವ ಔಷಧಿ ಕೊಟ್ಟರು. ಬಾಗಿಲು ಮುಚ್ಚಿತು. ಗೋಡೆಯಾಚೆಯಿಂದ ಬಡಿತ ಕೇಳಿತು. ಡಂ ಡಂ, ಆಮೇಲೆ ಕಿರ್ರ್ ಎಂದು ಗಣಿಯಲ್ಲಿ ಕಲ್ಲು ಕೊರೆಯುವಂತೆ. ಯಜಮಾನರು ಎದ್ದು ಹೊರಗೆ ಹೋಗಿಬಿಟ್ಟರು. ನಾನು ಸ್ತೋತ್ರ ಹೇಳಿಕೊಳ್ಳಲು ಹೊರಟೆ. ಎರಡನೆಯ ಸಾಲು ಮರೆತುಹೋಯಿತು. ಚಿಕ್ಕಂದಿನಿಂದ ಹೇಳುತ್ತಿರುವ ಸ್ತೋತ್ರ.

ಆಗಸ್ಟ್ ೯, ಶುಕ್ರವಾರ

ಕಂಪ್ಯೂಟರಿನಲ್ಲಿ ಮಗುವಿನ ತಲೆ ತೋರಿಸಿದರು. ಕಪ್ಪು ಬಿಳುಪು. ತೆಂಗಿನಕಾಯಿ ಹೋಳು ಮಾಡಿದ ಹಾಗೆ, ಒಂದೊಂದು ಹೋಳೂ ತೆಳ್ಳಗೆ. ಅದರಲ್ಲೇ ಮೂಗು, ಅದರಲ್ಲೇ ಕಣ್ಣಿನ ಗುಡ್ಡೆ. ಬದುಕಿರುವ ಮಗುವಿನ ತಲೆಯೊಳಗನ್ನು ನಾನು ಕೂತು ನೋಡಿದೆ. ಇದನ್ನು ನೋಡಬಹುದೆ, ನೋಡಬಾರದೆ ಎಂದು ಹೇಳಿಕೊಟ್ಟವರಿಲ್ಲ.

ಡಾಕ್ಟರಮ್ಮ ತಲೆಯ ನಡುವೆ, ಕೆಳಭಾಗದಲ್ಲಿ ಪೆನ್ನಿನ ತುದಿ ಇಟ್ಟರು. ಅಲ್ಲೊಂದು ಗಂಟು, ಅವರೆಕಾಳಿನಷ್ಟು.

"ಇದು ಕ್ಯಾನ್ಸರ್ ಅಲ್ಲ. ಎಲ್ಲಿಂದಲೋ ಬಂದಿದ್ದೂ ಅಲ್ಲ. ಹೊಟ್ಟೆಯಲ್ಲಿ ಮಗುವಿನ ಮೆದುಳು ಬೆಳೆಯುವಾಗ ಒಂದು ಚೂರು ತಪ್ಪು ಜಾಗದಲ್ಲಿ ಬೆಳೆದಿದೆ. ನಗು ಶುರುವಾಗೋದು ಇಲ್ಲಿಂದ."

"ಕೋಲಾರದಲ್ಲಿ ಏನೂ ಇಲ್ಲ ಅಂದ್ರಲ್ಲ ಮೇಡಂ" ಎಂದ ಅಂಬರೀಶ.

"ಅದು ಬೇರೆ ಥರದ ಸ್ಕ್ಯಾನು. ಅದರಲ್ಲಿ ಇಂಥ ಚಿಕ್ಕದು ಸಾಮಾನ್ಯವಾಗಿ ಕಾಣಲ್ಲ. ಇದರಲ್ಲೂ ಅಷ್ಟೇ, ನಗೋ ಫಿಟ್ಸು ಅಂತ ಗೊತ್ತಿದ್ದು ಈ ಜಾಗವನ್ನೇ ತೆಳ್ಳಗೆ ಹೋಳು ಮಾಡಿ ಹುಡುಕಬೇಕು. ನಿಮ್ಮ ಹೆಂಡತಿ ವೀಡಿಯೊ ತಂದಿದ್ದು ಒಳ್ಳೇದಾಯ್ತು."

ಶ್ಯಾಮಲಾ ಆ ಕಾಳನ್ನೇ ನೋಡುತ್ತ, "ನಾನು ಬಸ್ರೀಲಿ ಏನಾದ್ರೂ ತಿನ್ನಬಾರದ್ದು ತಿಂದ್ನಾ ಮೇಡಂ?" ಎಂದು ಕೇಳಿದಳು. ಇಲ್ಲ, ಯಾರ ತಪ್ಪೂ ಇಲ್ಲ ಎಂದರು. ಆಗ ಅವಳು ಅತ್ತಳು.

ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರಮ್ಮಾ, ಅಲ್ಲಿ ತಾಯಿ ಇಲ್ವಾ?" ಎಂದುಬಿಟ್ಟೆ. ಅಂಬರೀಶ ತಲೆ ತಗ್ಗಿಸಿದ.

ಅವರು ನಗಲಿಲ್ಲ. "ದೇವರು ಎಲ್ಲಿದ್ದಾಳೆ ಅಂತ ತೋರಿಸೋ ಮಿಷಿನ್ನು ನನ್ನ ಹತ್ತಿರ ಇಲ್ಲಮ್ಮ. ಇದು ಮಾತ್ರ ಇಲ್ಲಿದೆ" ಎಂದರು.

ಮಾತ್ರೆಗೆ ಇದು ಜಗ್ಗುವುದು ಕಡಿಮೆಯಂತೆ. ಬಿಟ್ಟರೆ ಮೊನ್ನೆಯಂಥವು ಹೆಚ್ಚುತ್ತವೆ, ಓದು ಹಿಂದೆ ಬೀಳುತ್ತದೆ, ಬುದ್ಧಿ ಕುಂದಬಹುದು. ತಲೆಯಲ್ಲಿ ಸಣ್ಣ ತೂತು ಮಾಡಿ, ಈ ಚಿತ್ರವನ್ನೇ ದಾರಿಯಾಗಿಟ್ಟುಕೊಂಡು ತೆಳು ತಂತಿ ಇಳಿಸಿ, ಆ ಕಾಳನ್ನಷ್ಟೇ ಶಾಖದಿಂದ ಸುಡುತ್ತಾರೆ. ಪಕ್ಕದಲ್ಲೇ ಕಣ್ಣಿನ ನರ, ನೆನಪಿನ ಜಾಗ. ಅಪಾಯ ಇಲ್ಲವೇ ಇಲ್ಲ ಎಂದು ಅವರು ಹೇಳಲಿಲ್ಲ. ಯೋಚನೆ ಮಾಡಿ ಬನ್ನಿ ಎಂದರು.

ಸುಡುವುದು. ಆ ಮಾತೇ ದಾರಿಯುದ್ದಕ್ಕೂ ಕಿವಿಯಲ್ಲಿತ್ತು.

ಆಗಸ್ಟ್ ೧೦, ಶನಿವಾರ

ಪುಷ್ಪ ಬಂದಳು. ಯಾರಿಂದಲೋ ಎಲ್ಲ ಕೇಳಿಕೊಂಡೇ ಬಂದಿದ್ದಳು. ಹೊಸಿಲ ಆಚೆ ನಿಂತೇ ಶುರು ಮಾಡಿದಳು.

"ಅನಸೂಯಕ್ಕಾ, ತಾಯಿ ಕೂತಿರೋ ಜಾಗನ ಸುಟ್ಟಾಕಿಸ್ತೀರಂತೆ? ಲೈನ್‌ಗೆಲ್ಲಾ ಕೇಡು ತತ್ತೀಯೇನಕ್ಕಾ?"

"ಅದು ಕಾಯ್ಲೆ ಕಣೇ ಪುಷ್ಪಾ. ಪೋಟೋ ನೋಡ್ಕಂಡ್ ಬಂದೀನಿ."

"ಅಂಗಂದ್ರೆ ನನ್ ಮಗಳ್ ಮದ್ವೆ? ಆವತ್ತು ನಕ್ಕಿದ್ದು ಯಾರು? ತಾಯಿ ಅಲ್ವಾ? ಛತ್ರಕ್ಕೆ ಏಳ್ಬುಟ್ಟೀವಲ್ಲಕ್ಕಾ!"

ಮಗುವಿನ ತಲೆಯಲ್ಲಿ ಒಂದು ಕಾಳು ಮಿಡುಕಿತು, ಇಲ್ಲಿ ಒಂದು ಹೆಣ್ಣಿನ ಮದುವೆ ನಿಶ್ಚಯವಾಯಿತು. ನಾನು ಪಕ್ಕದಲ್ಲಿ ಕರ್ಪೂರ ಹಚ್ಚುತ್ತಿದ್ದೆ.

"ಕಲ್ಪನನ್ನ ಕೇಳಿದ್ಯಾ?" ಎಂದೆ.

"ಅವಳನ್ನ್ ಏನ್ ಕೇಳೋದು?"

"ಓಗಿ ಅವಳನ್ನ ಕೇಳು. ನಮ್ ಮಗೂನೂ ನಾವು ಕೇಳಿರ್ಲಿಲ್ಲ."

ಪುಷ್ಪ ಥೂ ಎನ್ನುವುದೊಂದು ಬಾಕಿ, ತಿರುಗಿಕೊಂಡು ಹೋದಳು. ಇಷ್ಟು ವರ್ಷ ಒಂದೇ ಸೌಟಿನಲ್ಲಿ ಸಾರು ಹಂಚಿಕೊಂಡವರು.

ಊಟದ ಹೊತ್ತಿಗೆ ಅಂಬರೀಶ ತಟ್ಟೆ ಸರಿಸಿದ. "ನನ್ ಕೈಲಿ ಆಗಲ್ಲಮ್ಮ. ಮಗಳ ತಲೆ ಸುಡಾಕೆ ನಾನು ಸೈನ್ ಆಕ್ಲಾ? ನಾಳೆ ಏನಾದ್ರೂ ಆದ್ರೆ ತಾಯಿ ಶಾಪ ಅಂತಾರೆ. ನೀನು ದೇವಸ್ಥಾನದಲ್ಲಿ ಹೂವು ಕೇಳ್ಕಂಡ್ ಬಾ. ಬಲಗಡೆ ಕೊಟ್ರೆ ಆಕ್ತೀನಿ."

ಶ್ಯಾಮಲಾ ನನ್ನನ್ನೇ ನೋಡಿದಳು. ಅವಳು ಏನಾದರೂ ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೧೩, ಮಂಗಳವಾರ

ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಮಾರಿಯಮ್ಮನ ಗುಡಿಗೆ ಹೋದೆ. ಪೂಜಾರಿ ಕೋದಂಡಪ್ಪ ತಾಯಿಯ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಕಣಗಿಲೆ ಹೂವು ಅಂಟಿಸಿ, ಕೇಳ್ಕೊಳಮ್ಮ ಎಂದ. ನಾನು ಕಂಬದ ಪಕ್ಕ ಕೂತೆ. ಬಲಗಡೆಯದು ಬಿದ್ದರೆ ಸರಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ನನ್ನ ಮದುವೆಗೂ ಹೀಗೆಯೇ ಕೇಳಿದ್ದರು. ಅಂಬರೀಶನಿಗೆ ಹೆಸರಿಡುವಾಗಲೂ.

ಬಹಳ ಹೊತ್ತು ಯಾವುದೂ ಅಲುಗಲಿಲ್ಲ. ಕಣ್ಣು ಮುಚ್ಚಿದರೆ ತಾಯಿಯ ಮುಖ ಬರಬೇಕು, ಆ ಕಪ್ಪು ಬಿಳುಪು ಹೋಳುಗಳು ಬಂದವು. ಬೆನ್ನಿನ ಮೇಲಿಟ್ಟಿದ್ದ ನನ್ನ ಕೈಯಡಿ ಮಗು ನಡುಗಿದ್ದು ನೆನಪಾಯಿತು.

ಎಡಗಡೆಯ ಹೂವು ಬಿತ್ತು.

ಕೋದಂಡಪ್ಪ ಉಸಿರು ಬಿಟ್ಟು, "ಬೇಡ ಅಂತಾವ್ಳೆ ತಾಯಿ. ಒಂದ್ ತಿಂಗ್ಳು ಬುಟ್ಟು ಕೇಳಮ್ಮ" ಎಂದ. ನಾನು ಎದ್ದೆ. ಕಾಲು ತಾನಾಗಿ ಪ್ರದಕ್ಷಿಣೆ ಬಂದಿತು, ಕೈ ತಾನಾಗಿ ಮುಗಿಯಿತು. ಕಾಯಿ ಒಡೆಸಿದೆ. ನಡೆದು ಬಂದೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೋ ತಿಳಿಯದು.

ಅಂಬರೀಶ ಬಾಗಿಲಲ್ಲೇ ಕಾದಿದ್ದ. "ಯಾವ್ ಕಡೆ ಬಿತ್ತಮ್ಮ?"

"ಎಡಗಡೆ."

ಅವನು ಗೋಡೆಗೆ ಒರಗಿದ. ಒಳಗೆ ಶ್ಯಾಮಲಾ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಸೈನ್ ಆಕು" ಎಂದೆ.

"ಅಮ್ಮಾ, ಎಡಗಡೆ ಬಿತ್ತು ಅಂತಿದ್ದೀಯ..."

"ಬಿತ್ತು ಕಣ್ಲಾ. ನಾನೇ ಕಣ್ಣಾರೆ ಕಂಡೆ. ಸೈನ್ ಆಕು. ಏನ್ ಬಂದ್ರೂ ನನ್ ಮೇಲ್ ಬರ್ಲಿ ಅಂತ ಅಲ್ಲೇ ಏಳ್ಬುಟ್ ಬಂದೀನಿ."

ಬರೆದದ್ದನ್ನು ಓದಿ ನೋಡಿದರೆ ಇದು ಬೇರೆ ಯಾರೋ ಆಡಿದ ಮಾತಿನ ಹಾಗಿದೆ. ತಾಯಿ ಬೇಡ ಎಂದದ್ದನ್ನು ನಾನು ಈವರೆಗೆ ಒಂದು ಸಲವೂ ಮೀರಿಲ್ಲ.

ಆಗಸ್ಟ್ ೨೮, ಬುಧವಾರ

ನಾಳೆ ಆಪರೇಷನ್. ಆಸ್ಪತ್ರೆಯಲ್ಲಿದ್ದೇವೆ. ಮಗುವಿನ ಕೂದಲು ತೆಗೆದರು. ಎಷ್ಟು ಪುಟ್ಟ ತಲೆ.

"ಸುಟ್ರೆ ನೋಯ್ತದಾ ಅಜ್ಜಿ?" ಎಂದು ಕೇಳಿದಳು. ತಾಯಿ ಕಾಪಾಡ್ತಾಳೆ ಎನ್ನಲು ಬಾಯಿ ತೆರೆದೆ. "ನಂಗೂ ಗೊತ್ತಿಲ್ಲ ಕಂದಾ, ಕೇಳ್ಕಂಡ್ ಬತ್ತೀನಿ" ಎಂದು ನರ್ಸಮ್ಮನ ಹತ್ತಿರ ಹೋದೆ. ಆಗ ನಿದ್ದೆಯಲ್ಲಿರುತ್ತಾಳೆ, ಎದ್ದ ಮೇಲೆ ಸ್ವಲ್ಪ ನೋಯುತ್ತದೆ ಎಂದರು. ಹಾಗೇ ಬಂದು ಹೇಳಿದೆ. ಸರಿ ಎಂದಳು.

ಆಗಸ್ಟ್ ೩೧, ಶನಿವಾರ

ಕಣ್ಣು ಕಾಣುತ್ತದೆ. ಅಮ್ಮನ ಹೆಸರು, ಅಪ್ಪನ ಹೆಸರು, ಶಾಲೆಯ ಹೆಸರು ಹೇಳಿದಳು. ನನ್ನನ್ನು ನೋಡಿ, "ಅಜ್ಜಿ, ನಿನ್ ಸೀರೆ ತಿರುವು ಮುರುವಾಗೈತೆ" ಎಂದಳು. ನೋಡಿದರೆ ನಿಜ.

ಮತ್ತೆ ಸ್ಕ್ಯಾನ್ ಮಾಡಿ ತೋರಿಸಿದರು. ಕಾಳು ಇದ್ದ ಕಡೆ ಈಗ ಮಸಿ ಬಳಿದಂತಿದೆ. ಎಷ್ಟು ನೀರು ಕುಡಿದಳು, ಎಷ್ಟು ಒಂದಕ್ಕೆ ಹೋದಳು ಎಂದು ಅಳೆದು ಬರೆದುಕೊಳ್ಳುತ್ತಾರೆ. ನಗು ಬಂತಾ ಎಂದು ನರ್ಸಮ್ಮ ಬಂದಾಗಲೆಲ್ಲ ಕೇಳುತ್ತಾಳೆ. ಬಂದಿಲ್ಲ. ಆದರೂ ಈಗಲೇ ಏನೂ ಹೇಳಲಾಗದು, ತಿಂಗಳುಗಟ್ಟಲೆ ನೋಡಬೇಕು, ಮಾತ್ರೆ ನಿಲ್ಲಿಸಬಾರದು ಎಂದಿದ್ದಾರೆ ಡಾಕ್ಟರಮ್ಮ. ಮಗುವಿನ ಬಾಯಿ ಸ್ವಲ್ಪ ಅಲುಗಿದರೂ ನನ್ನ ಜೀವ ಬಾಯಿಗೆ ಬರುತ್ತದೆ. ನಿನ್ನೆ ಶುಕ್ರವಾರ ಎಂಬುದು ಇವತ್ತು ತಾರೀಖು ಬರೆಯುವಾಗ ತಿಳಿಯಿತು.

ಮಧ್ಯಾಹ್ನ ಅಂಬರೀಶ ಊರಿಂದ ಬಂದ. ಕೋದಂಡಪ್ಪ ಕೊಟ್ಟ ತಾಯಿಯ ಕುಂಕುಮ ಪೊಟ್ಟಣ ಕಟ್ಟಿಕೊಂಡು ತಂದಿದ್ದ. ನಾನು ಕಣ್ಣಿಗೊತ್ತಿಕೊಂಡು, ಬೆರಳಲ್ಲಿ ತೆಗೆದು, ಪಟ್ಟಿಯ ಕೆಳಗೆ ಹಣೆಗೆ ಇಡಲು ಬಗ್ಗಿದೆ.

ಮಗು ನನ್ನ ಮಣಿಕಟ್ಟು ಹಿಡಿದುಕೊಂಡಿತು. "ಬ್ಯಾಡ."

"ಯಾಕ್ ಕಂದಾ? ತಾಯಿ ಕುಂಕುಮ."

"ನಂಗ್ ಬ್ಯಾಡ ಅಜ್ಜಿ. ಇಟ್ರೆ ಎಲ್ರೂ ಬತ್ತಾರೆ."

ಅಂಬರೀಶ ಹೆದರಿಬಿಟ್ಟ. "ಏಯ್, ಅಂಗನ್ಬಾರ್ದು ವನಿತಾ! ಕೆನ್ನೆಗೆ ಬಡ್ಕೋ!"

"ಸುಮ್ಕಿರ್ಲಾ" ಎಂದೆ. "ಬ್ಯಾಡ ಅಂದ್ಲಲ್ಲ."

ಮಗು ಕೈ ಬಿಟ್ಟಿತು. ಬೆರಳಲ್ಲಿದ್ದ ಕುಂಕುಮವನ್ನು ನನ್ನ ಹಣೆಗೇ ಇಟ್ಟುಕೊಂಡೆ.